ಗೋದಾವರಿಯ ಮನೆಯಲ್ಲಿ ಕನ್ನಡ ನಿಂತದ್ದು

ಗೋದಾವರಿಯ ಮಗನನ್ನು ಆ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಇದನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ನಾಸಿಕದಲ್ಲಿ ನಮ್ಮದು ಹೋಟೆಲು. ನನ್ನ ಗಂಡ ರತ್ನಾಕರ ಕೆಳಗೆ ಕೌಂಟರಿನಲ್ಲಿ ಕೂರುತ್ತಿದ್ದರು, ಮಾಳಿಗೆಯ ಮೇಲೆ ನಮ್ಮ ಮನೆ. ೧೯೮೬ರಲ್ಲಿ ಎದುರಿನ ಮನೆಗೆ ಬಾಗಲಕೋಟೆಯಿಂದ ವರ್ಗವಾಗಿ ಬ್ಯಾಂಕ್ ಗುಮಾಸ್ತ ಗುರುರಾಜ ಬಂದರು. ಹೆಂಡತಿ ಗೋದಾವರಿ, ಐದು ವರ್ಷದ ಮಗ ದತ್ತು. ಬೀದಿಯಲ್ಲಿ ಕನ್ನಡ ಕೇಳಿದ್ದೇ ತಡ, ನಾನು ಇಡ್ಲಿ ಡಬ್ಬಿ ಹಿಡಿದು ಹೋಗಿ ಕೂತೆ. ಯಾರ ಮನೆಗಾದರೂ ನುಗ್ಗುವುದು ನನ್ನ ಹಳೆಯ ಚಟ.

ದತ್ತು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹೆಸರು ಹಿಡಿದು ಕೂಗಿದರೂ ತಿರುಗುತ್ತಿರಲಿಲ್ಲ. ಕುಕ್ಕರ್ ಸೀಟಿ ಹೊಡೆದರೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದ. ಮಾತೇ ಇರಲಿಲ್ಲವೇ ಅಂದರೆ ಇತ್ತು, ಅವನದೇ ರೀತಿಯಲ್ಲಿ. ಹಸಿವಾದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ತಾಯಿಯ ರಾಗದಲ್ಲೇ, "ಅನ್ನಾ ಉಣತೀಯೇನಪಾ?" ಎಂದು ಕೇಳುತ್ತಿದ್ದ.

ಮೊದಲ ಸಲ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಇದೆಂತ ಮಾರಾಯ್ತಿ, ನಿನ್ನ ಮಗ ನಿನಗೇ ಬಡಿಸ್ತಾನಾ?"

"ಇಲ್ರೀ ಸರೋಜಿನಿ ಅಕ್ಕಾರ, ಅವಗ ಹಸಿವ್ಯಾಗೇದ. ನಾ ಹೆಂಗ ಕೇಳ್ತೀನೋ ಹಂಗ ಅಂತಾನ," ಎಂದಳು ಗೋದಾವರಿ. ಅವಳಿಗೆ ನಗು ಬಂದಿರಲಿಲ್ಲ.

ಅಂಥವು ಹತ್ತು ಹನ್ನೆರಡು ಮಾತು ಅವನಲ್ಲಿ ಇದ್ದವು. ಜಳಕಕ್ಕೊಂದು, ನಿದ್ದೆಗೊಂದು, ಹೊಟ್ಟೆನೋವಿಗೊಂದು. ಎಲ್ಲವೂ ಅವಳ ಬಾಯಿಂದ ಬಿದ್ದ ಕನ್ನಡವೇ. ನಾಸಿಕದಲ್ಲಿ ಇಂಥ ಮಕ್ಕಳಿಗೆಂದು ಒಂದು ಮರಾಠಿ ಶಾಲೆ ಇತ್ತು. ಕೇಳಿದ್ದಕ್ಕೆ ಉತ್ತರ ಕೊಡುವಷ್ಟಾದರೆ ಸೇರಿಸಿಕೊಳ್ಳುತ್ತೇವೆ ಎಂದಿದ್ದರು. ಗೋದಾವರಿಗೆ ಅದೊಂದೇ ಧ್ಯಾನ. ಮಗ ಮಾತಾಡಬೇಕು, ಬಗಲಿಗೆ ಚೀಲ ಹಾಕಿಕೊಂಡು ಶಾಲೆಗೆ ಹೋಗಬೇಕು.

ಆಗ ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ತಿಂಗಳಿಗೊಮ್ಮೆ ಮುಂಬಯಿಯಿಂದ ಬರುವ ಒಬ್ಬ ಡಾಕ್ಟರು ನಮ್ಮ ಹೋಟೆಲಿನಲ್ಲಿ ಊಟ ಮಾಡುತ್ತಿದ್ದರು. ನನಗೆ ಪರಿಚಯ ಎಂದು ಜಂಭ ಕೊಚ್ಚಿ, ಗಂಡ ಹೆಂಡತಿ ಇಬ್ಬರನ್ನೂ ಎಳೆದುಕೊಂಡು ಹೋದೆ. ಅವರು ದತ್ತುವನ್ನು ಹತ್ತು ನಿಮಿಷ ನೋಡಿದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಟೀವಿಯಲ್ಲಿ ಹಿಂದಿ, ಹುಡುಗನ ತಲೆ ಗೋಜಲಾಗಿದೆ ಎಂದರು. ಶಾಲೆ ಮರಾಠಿಯದು, ಆದ್ದರಿಂದ ಮರಾಠಿ ಒಂದೇ ಇರಲಿ, ಕನ್ನಡದ ಒಂದು ಶಬ್ದವೂ ಅವನ ಕಿವಿಗೆ ಬೀಳಬಾರದು ಎಂದರು. ನಾನು ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದೆ.

ಮೆಟ್ಟಿಲಿಳಿಯುವಾಗ ಗೋದಾವರಿ ಮೆಲ್ಲಗೆ ಕೇಳಿದಳು: "ಅಕ್ಕಾರ, ಮಲಗಸೂ ಮುಂದ ಜೋಗುಳಾನೂ ಹಾಡಬಾರದೇನ್ರಿ?"

ನನಗೆ ರೇಗಿತು. "ಡಾಕ್ಟರು ಹೇಳಿದ ಮೇಲೆ ಮುಗೀತಲ್ಲ! ನಿನಗೆ ಮಗ ಮಾತಾಡುವುದು ಬೇಕೋ, ಜೋಗುಳ ಬೇಕೋ?" ಎಂದೆ.

ಗುರುರಾಜ ಅದನ್ನು ಹೆಡ್ ಆಫೀಸಿನ ಸರ್ಕ್ಯುಲರಿನ ಹಾಗೆ ಪಾಲಿಸಿದರು. ಹೆಂಡತಿಯ ಬಾಯಿಂದ ಕನ್ನಡ ಜಾರಿದರೆ ಮಗನ ಎದುರೇ ಗದರುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಅವರಿಗೂ ಮಗನ ಚಿಂತೆಯೇ. ಗೋದಾವರಿಯ ಹತ್ತಿರ ಮೆಂತ್ಯೆ ಸೊಪ್ಪಿಗೆ ಚೌಕಾಶಿ ಮಾಡುವಷ್ಟು ಮರಾಠಿ ಇತ್ತು. ಮಗನನ್ನು ಮುದ್ದು ಮಾಡುವಷ್ಟು ಇರಲಿಲ್ಲ. ದಿನವಿಡೀ ಬಾಯಿತುಂಬ ಮಾತಾಡುತ್ತಿದ್ದವಳು "ಯೇ", "ಬಸ", "ಜೇವ" ಎಂದು ಬಾ, ಕೂಡು, ಉಣ್ಣು ಅಷ್ಟರಲ್ಲೇ ಮುಗಿಸತೊಡಗಿದಳು. ಊರಿಂದ ಬಂದ ಅತ್ತೆಗೆ ಮರಾಠಿಯ ಗಂಧವೇ ಇರಲಿಲ್ಲ. ಹದಿನೈದು ದಿನ ಮೊಮ್ಮಗನ ಎದುರು ಮೂಕಿಯಂತೆ ಕೂತಿದ್ದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಸ್ಸು ಹತ್ತಿದರು.

ದತ್ತುವಿನ ಮಾತುಗಳು ಒಂದೊಂದಾಗಿ ಹೋದವು. ಮೊದಲು ಜಳಕದ್ದು, ಆಮೇಲೆ ನಿದ್ದೆಯದು. "ಹಳೇದು ಹೋದ್ರನ ಹೊಸಾದು ಬರ್ತದ್ರಿ," ಎನ್ನುತ್ತಿದ್ದರು ಗುರುರಾಜ. ನಾನೂ ಹಾಗೇ ಹೇಳುತ್ತಿದ್ದೆ. ದೀಪಾವಳಿ ಹೊತ್ತಿಗೆ ಅವನಲ್ಲಿ ಒಂದೂ ಉಳಿದಿರಲಿಲ್ಲ, ಹೊಸದೂ ಬರಲಿಲ್ಲ. ಹಸಿವಾದರೆ ಬಾಗಿಲಿಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ಶಾಲೆಯವರು ಮುಂದಿನ ವರ್ಷ ನೋಡೋಣ ಎಂದರು. ಅದರ ಮುಂದಿನ ವರ್ಷವೂ ಅದನ್ನೇ ಅಂದರು.

೧೯೮೯ರಲ್ಲಿ ಗುರುರಾಜರಿಗೆ ಔರಂಗಾಬಾದಿಗೆ ವರ್ಗವಾಯಿತು. ಮರುವರ್ಷ ನಾನು ನೋಡಲು ಹೋದೆ. ಗುರುರಾಜರಿಗೆ ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ ಇದ್ದುದರಿಂದ ದತ್ತುವನ್ನು ಹೊಸ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಲು ಗೋದಾವರಿಯ ಜೊತೆ ನಾನೇ ಹೊರಟೆ. ಹೆಂಗಸು ಡಾಕ್ಟರು. ಆಟಿಸಂ ಎಂಬ ಹೆಸರನ್ನು ನಾವು ಕೇಳಿದ್ದು ಅವರ ಬಾಯಿಂದಲೇ. ಗೋದಾವರಿ ಎಲ್ಲವನ್ನೂ ಹೇಳಿದ ಮೇಲೆ ಅವರು ಪೆನ್ನು ಕೆಳಗಿಟ್ಟು, ಇದ್ದ ಮಾತನ್ನೇ ಹಿಡಿದು ಬೆಳೆಸಬೇಕಿತ್ತಲ್ಲ ತಾಯಿ, ಯಾರು ನಿಮಗೆ ಹೀಗೆ ಹೇಳಿದ್ದು ಎಂದು ಕೇಳಿದರು. ಇವತ್ತಿನಿಂದಲೇ ನಿಮ್ಮ ಭಾಷೆಯಲ್ಲಿ ಮಾತಾಡಿ ಎಂದರು. ಗೋದಾವರಿ ನನ್ನ ಹೆಸರು ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಅವಳು ಕಪಾಳಕ್ಕೆ ಹೊಡೆದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮನೆಗೆ ಬಂದವಳೇ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಗೋಡೆಗೊರಗಿ ಕೂತಳು. ದತ್ತು ಕಿಟಕಿಯ ಸರಳು ಹಿಡಿದು ನಿಂತಿದ್ದ. ಅವನಿಗೆ ಆಗ ಒಂಬತ್ತು ವರ್ಷ. ಅವಳು ಎರಡು ಸಲ ಗಂಟಲು ಸರಿಮಾಡಿಕೊಂಡಳು.

"ದತ್ತೂ, ನನ ರಾಜಾ, ಇಲ್ಲೆ ಬಾರಪಾ. ಅವ್ವನ ಮಗ್ಗಲ್ದಾಗ ಕೂಡು ಬಾ."

ದತ್ತು ತಿರುಗಿದ! ನಾಲ್ಕು ವರ್ಷದಲ್ಲಿ ಕರೆದಾಗ ಅವನು ತಿರುಗಿದ್ದನ್ನು ನಾನು ನೋಡಿರಲಿಲ್ಲ. ನೆಟ್ಟಗೆ ಅವಳ ಹತ್ತಿರ ಬಂದ. ಅಯ್ಯೋ ದೇವರೇ, ಬದುಕಿದೆ ಅಂದುಕೊಂಡೆ ನಾನು. ಅವನು ಮಂಡಿಯೂರಿ ಕೂತು ತನ್ನ ಅಂಗೈಯಿಂದ ಅವಳ ಬಾಯಿ ಮುಚ್ಚಿದ.

ಅವಳು ಕೈ ಸರಿಸಿ ಮತ್ತೆ "ದತ್ತೂ, ಕಂದಾ" ಎಂದಳು. ಅವನು ಎರಡೂ ಕೈಯಿಂದ ಅದುಮಿದ. ಅಪ್ಪನ ಗದರುವಿಕೆ ಈಗ ಬರುತ್ತದೆ ಎಂಬಂತೆ ಬಾಗಿಲ ಕಡೆ ನೋಡುತ್ತಿದ್ದ. ಏನೂ ಕಲಿಯುವುದಿಲ್ಲ ಎಂದು ಎಲ್ಲರೂ ಕೈಬಿಟ್ಟ ಹುಡುಗ ಇದೊಂದನ್ನು ಪೂರಾ ಕಲಿತಿದ್ದ.

ಅವಳು ಅವನ ಬೆರಳ ಸಂದಿನಿಂದಲೇ ಮರಾಠಿಯಲ್ಲಿ ಹೇಳಿದಳು: "ಬರಂ ಬಾಳಾ, ನಾಹೀ ಬೋಲತ." ಆಯಿತು ಮಗೂ, ಮಾತಾಡುವುದಿಲ್ಲ.

ದತ್ತು ಕೈ ತೆಗೆದ. ಎದ್ದು ಮತ್ತೆ ಕಿಟಕಿಯ ಹತ್ತಿರ ಹೋಗಿ ನಿಂತ.