ಅವ್ವ ಹಾಡುವುದನ್ನು ಬಿಟ್ಟ ತಿಂಗಳುಗಳು

ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಸಿರುಗುಪ್ಪದ ಕಡೆಯ ನಮ್ಮೂರು ಕರೂರಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡುತ್ತಲೇ ಅಕ್ಕತಂಗಿಯರಾದ ನಮ್ಮಿಬ್ಬರನ್ನು ಬೆಳೆಸಿದಳು. ಭಾನುವಾರ ಮಾತ್ರ ಯಾರು ಕರೆದರೂ ಕೆಲಸಕ್ಕೆ ಹೋಗುತ್ತಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಇದ್ದುದರಲ್ಲೇ ಒಳ್ಳೆಯ ಸೀರೆಯುಟ್ಟು, ನಮ್ಮನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಸಿರುಗುಪ್ಪದ ಚರ್ಚಿಗೆ ಹೊರಡುತ್ತಿದ್ದಳು. ಅಲ್ಲಿ ಕೇಳಿದ ಹಾಡನ್ನು ಬಸ್ಸಿನಲ್ಲಿ ಗುನುಗುತ್ತ ಬಾಯಿಪಾಠ ಮಾಡಿ, ಸೋಮವಾರ ಕೆಸರಿನಲ್ಲಿ ನಿಂತು ಗದ್ದೆಯ ಆಚೆ ಬದಿಗೂ ಕೇಳುವ ಹಾಗೆ ಹಾಡುತ್ತಿದ್ದಳು. ಜೊತೆಯ ಹೆಂಗಸರ್ಯಾರೂ ಚರ್ಚಿಗೆ ಹೋಗುವವರಲ್ಲ. ಆದರೂ ಸಸಿ ಹಚ್ಚುತ್ತ ಹಚ್ಚುತ್ತ ಪಲ್ಲವಿಗೆ ದನಿ ಸೇರಿಸುತ್ತಿದ್ದರು.

ಮುಂದೆ ನಾನು ನರ್ಸ್ ಆಗಿ ಬಳ್ಳಾರಿಗೆ ಬಂದೆ. ಮದುವೆಯಾಗಿ ಅಲ್ಲೇ ಕಂಟೋನ್ಮೆಂಟಿನಲ್ಲಿ ಮನೆ ಮಾಡಿದೆವು. ಮಗಳು ಹುಟ್ಟಿದಾಗ ಬಾಣಂತನಕ್ಕೆ ಬಂದ ಅವ್ವ, ನಾನು ಮತ್ತೆ ಡ್ಯೂಟಿಗೆ ಹೋಗತೊಡಗಿದ ಮೇಲೆ ಮಗುವಿಗಾಗಿ ಉಳಿದುಕೊಂಡಳು.

ನಮ್ಮ ಚರ್ಚಿನಲ್ಲಿ ಕೀಬೋರ್ಡು, ಮೈಕು, ಪರದೆಯ ಮೇಲೆ ಹಾಡಿನ ಸಾಲು. ಮೊದಲ ಭಾನುವಾರ ಅವ್ವ ಗದ್ದೆಯಲ್ಲಿ ಹಾಡಿದಂತೆಯೇ ಹಾಡಿದಳು. ಮುಂದಿನ ಸಾಲಿನ ಇಬ್ಬರು ಹುಡುಗಿಯರು ತಿರುಗಿ ನೋಡಿ ನಕ್ಕರು. ನಾನು ಅವಳ ಕಿವಿಯ ಹತ್ತಿರ ಬಾಗಿದೆ.

"ಅವ್ವಾ, ಸಣ್ಣಗ ಹಾಡಬೇ. ಎಲ್ಲಾರೂ ನೋಡಾಕ ಹತ್ಯಾರ."

ಅವಳು ಸಾಲಿನ ನಡುವೆಯೇ ನಿಲ್ಲಿಸಿಬಿಟ್ಟಳು. ಆಮೇಲೆ ಪ್ರತಿ ಭಾನುವಾರ ತುಟಿ ಬಿಗಿದು ನಿಂತಿರುತ್ತಿದ್ದಳು. ಮನೆಯಲ್ಲಿ ಮಗುವನ್ನು ಮಲಗಿಸುವಾಗಲೂ ಬರೀ ತಟ್ಟುತ್ತಿದ್ದಳು. ಹೀಗೆ ತಿಂಗಳುಗಳೇ ಕಳೆದವು. ಕಾರಣ ನನಗೆ ಗೊತ್ತಿತ್ತು. ಕೇಳುವ ಧೈರ್ಯ ಬರಲಿಲ್ಲ.

ಒಂದು ಭಾನುವಾರ ಎರಡನೇ ಚರಣ ಹಾಡುವಾಗ ಕರೆಂಟು ಹೋಯಿತು. ಪರದೆ ಕಪ್ಪಾಯಿತು, ಕೀಬೋರ್ಡು ನಿಂತಿತು. ಪ್ರತಿ ವಾರವೂ ಪರದೆ ಓದಿಕೊಂಡೇ ಹಾಡುತ್ತಿದ್ದ ನಮಗ್ಯಾರಿಗೂ ಮುಂದಿನ ಸಾಲು ನೆನಪಾಗಲಿಲ್ಲ. ಪಾಸ್ಟರ್ ಕೂಡ ತಡವರಿಸಿದರು. ಅವ್ವ ಗದ್ದೆಯಲ್ಲಿ ಹಾಡುತ್ತಿದ್ದ ಹಾಡೇ ಅದು; ನಾನು ಅವಳ ಕೈ ಹಿಡಿದೆ.

"ಅವ್ವಾ, ನಿನಗ ಬರ್ತೈತಲ್ಲ, ನೀ ಹಾಡು."

ಅವಳು ನನ್ನ ಮುಖ ನೋಡಿದಳು. "ಸಣ್ಣಗ ಹಾಡ್ಲ್ಯಾ, ಜೋರಾಗಿ ಹಾಡ್ಲ್ಯಾ?"

ಆ ಮಾತಿನಲ್ಲಿ ಕೊಂಕಿರಲಿಲ್ಲ, ನಿಜವಾಗಿಯೇ ಕೇಳಿದ್ದಳು. ಅವಳ ಕೈ ಬಿಡದೆ ಅಂದೆ: "ನಿನಗ ಹೆಂಗ ಬರ್ತೈತೋ ಹಂಗ."

ಅವ್ವ ಕಣ್ಣು ಮುಚ್ಚಿ ಹಾಡಿದಳು. ನಡುವೆ ನಮ್ಮ ಗಡಿಯೂರಿನ ರೂಢಿಯಂತೆ ಒಂದೆರಡು ತೆಲುಗು ಮಾತು ಸೇರಿಕೊಂಡವು. ಯಾರೂ ನಗಲಿಲ್ಲ. ಅವಳು ಹೇಳಿದ ಸಾಲನ್ನೇ ಹಿಡಿದು ಹಿಂದಿನವರು, ಆಮೇಲೆ ಎಲ್ಲರೂ ಹಾಡಿದರು.

ಮನೆಗೆ ಬಂದು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದವಳನ್ನು ಕೇಳಿದೆ: "ನನ್ ಮ್ಯಾಲ ಸಿಟ್ಟು ಬಂದಿತ್ತೇನಬೇ?"

"ಸಿಟ್ಟು ಯಾಕವ್ವಾ? ನನ್ನಿಂದ ನಿನಗ ನಾಚಿಕಿ ಆಗಬಾರದಂತ ಸುಮ್ಮಕಿದ್ದೆ. ಆದ್ರ ದೇವ್ರ ಮುಂದ ಬಾಯಿ ಮುಚ್ಚಿಕೊಂಡು ನಿಂದ್ರೋದು ಭಾಳ ಕಷ್ಟ ಆತು ನೋಡು."

ಮಗಳು ಶಾಲೆಗೆ ಸೇರಿದ ವರ್ಷ ಅವ್ವ ಕರೂರಿಗೆ ಮರಳಿದಳು. ಹೋದ ವರ್ಷ ಭತ್ತದ ಕೊಯ್ಲು ಮುಗಿದ ವಾರ ಅಲ್ಲೇ ತೀರಿಕೊಂಡಳು. ಕೊನೆಯ ಹತ್ತು ದಿನ ರಜೆ ಹಾಕಿ ಪಕ್ಕದಲ್ಲಿದ್ದೆ. ಗಂಜಿ ಕುಡಿಸುವಾಗ, ಅವತ್ತು ಸಣ್ಣಗೆ ಹಾಡು ಅಂದದ್ದಕ್ಕೆ ತಪ್ಪಾಯಿತು ಅನ್ನಬೇಕೆಂದು ಬಾಯಿ ತೆರೆದಾಗಲೆಲ್ಲ, "ಮೊಮ್ಮಗಳಿಗೆ ಫೋನ್ ಹಚ್ಚು, ಉಂಡಳೋ ಇಲ್ಲೋ ಕೇಳು" ಎಂದು ಮಾತು ತಿರುಗಿಸುತ್ತಿದ್ದಳು.