ಆದಿತ್ಯವಾರ ನೀರು ಸೇದಿದವಳು

ಸತ್ತವರು ಎದ್ದು ಬಂದರೆಂದು ಯಾರಾದರೂ ಹೇಳಿದರೆ ನಾನು ಮುಖದ ಮೇಲೇ ನಗುತ್ತಿದ್ದೆ. ಆಗ ನಾನು ಬಳ್ಳಾರಿಯ ಕೌಲ್ ಬಜಾರಿನ ಸಭೆಯಲ್ಲಿ ಕಿರಿಯ ಉಪದೇಶಿ. ಈಗ ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನನ್ನ ಸಿಟ್ಟು ಬೇರೆಯವರ ಮೇಲೆ.

ಬಿಳಿ ಪಾದ್ರಿಗಳು ಮದ್ರಾಸಿಗೆ ಹೋಗಿದ್ದರಿಂದ ಹಿರಿಯ ಉಪದೇಶಿಗಳದೇ ಅಧಿಕಾರ. ಅವರು ಪೇಟೆಯಲ್ಲಿ ನಿಂತು, ಮಡಿ ಆಚಾರಗಳಿಂದ ಮೋಕ್ಷವಿಲ್ಲ, ನಂಬಿಕೆಯೊಂದರಿಂದಲೇ ರಕ್ಷಣೆ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಅದೇ ಮನುಷ್ಯ ಕುರುಗೋಡಿನ ರೂತಮ್ಮನನ್ನು ಸಭೆಯಿಂದ ಹೊರಗೆ ಹಾಕಿದರು. ನಮ್ಮ ಬಜಾರಿಗೆ ಕಾಲರಾ ಬಂದಾಗ ಅವಳು ಆದಿತ್ಯವಾರ ಆರಾಧನೆಗೆ ಬರದೆ, ಬಾವಿಯಿಂದ ನೀರು ಸೇದಿ ಮನೆಮನೆಗೆ ಹೊತ್ತಿದ್ದಳು. ಸಬ್ಬತ್ ಎಂಬ ವಿಶ್ರಾಂತಿಯ ದಿನ ದುಡಿಯಬಾರದೆಂಬ ಆಜ್ಞೆ ಮುರಿದಿದ್ದಳು.

"ನಾ ಯೇಸುಸ್ವಾಮಿನ್ನ ನಂಬೀನ್ರಿ ಅಯ್ಯಾರ," ಎಂದಳು ರೂತಮ್ಮ. "ನೀರು ನೀರು ಅಂತ ಒದರೋರಿಗೆ ಇವತ್ತು ಐತವಾರ ಐತಿ, ನಾಳಿ ಕುಡೀರಿ ಅಂತ ಹೆಂಗ ಹೇಳ್ಲಿ?"

"ಆಜ್ಞೆ ಅಂದ್ರ ಆಜ್ಞೆನ," ಎಂದರು ಹಿರಿಯ ಉಪದೇಶಿಗಳು. ಸಭೆಯ ಪುಸ್ತಕದಲ್ಲಿ ಅವಳ ಹೆಸರು ಹೊಡೆದುಹಾಕಿದ ಕೈ ನನ್ನದು.

ಮುಂದಿನ ವಾರ ಅದೇ ರೋಗ ಅವಳನ್ನೂ ತೆಗೆದುಕೊಂಡು ಹೋಯಿತು. ಕ್ರೈಸ್ತರ ಸ್ಮಶಾನದಲ್ಲಿ ಹಿರಿಯರು ಜಾಗ ಕೊಡಲಿಲ್ಲ. ಶನಿವಾರ ಸಂಜೆ ಬೇಲಿಯ ಹೊರಗೆ ಹೂಳಿದೆವು. ಮುಖದ ಮೇಲೆ ಬಟ್ಟೆ ಎಳೆದವನು ನಾನೇ, ಮಣ್ಣು ಹಾಕಿದವನೂ ನಾನೇ.

ಮರುದಿನ ಸಿರುಗುಪ್ಪದಲ್ಲಿದ್ದ ಆರಾಧನೆಗೆಂದು ಆಗಲೇ ಹೊರಟು ರಾತ್ರಿಯಿಡೀ ನಡೆದೆ. ಅಲ್ಲಿಗೂ ಕಾಲರಾ ಬಂದಿತ್ತು. ಆದಿತ್ಯವಾರ ಮಧ್ಯಾಹ್ನ ಊರ ಬಾವಿಯ ಹತ್ತಿರ ಬರುವಷ್ಟರಲ್ಲಿ ಕಣ್ಣು ಕತ್ತಲಿಟ್ಟು ಕುಸಿದೆ. ಯಾರೋ ತಲೆ ಎತ್ತಿ ಹಿಡಿದು ನೀರು ಕುಡಿಸಿದರು. ಕಣ್ಣು ಬಿಟ್ಟೆ. ರೂತಮ್ಮ!

"ಸಾವಕಾಶ ಕುಡೀರಿ," ಎಂದಳು. ಕೊಡವನ್ನು ಸೊಂಟಕ್ಕಿಟ್ಟುಕೊಂಡು ಓಣಿಯೊಳಗೆ ಹೋದಳು.

ಬಿಸಿಲಿನ ಭ್ರಮೆ ಎನ್ನುತ್ತೀರಾ? ನಾನೂ ಹಾಗೆಂದುಕೊಂಡೇ ಬಾವಿಕಟ್ಟೆಯ ಮೇಲಿದ್ದ ಮುದುಕನನ್ನು ಕೇಳಿದೆ. "ಹೊತ್ತು ಮೂಡಿದಾಗಿಂದ ನೀರು ಸೇದಾಕ ಹತ್ಯಾಳ. ಯಾವೂರು ಅಂದ್ರ ಕುರುಗೋಡು ಅಂದ್ಲು," ಎಂದ. ಓಣಿ ಓಣಿ ಹುಡುಕಿದೆ. ಆರು ಮನೆಯವರು ಅವಳ ಕೈಯ ನೀರು ಕುಡಿದಿದ್ದರು. ಅವಳು ಮಾತ್ರ ಸಿಗಲಿಲ್ಲ.

ಹಿಂದಿರುಗಿ ಹಿರಿಯರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: "ಐತವಾರನ ಸೇದಿದ್ಲೇನು? ಹಂಗಾರ ಅದು ಸೈತಾನನ ಆಟ. ನಡಿ, ಗುಂಡಿ ಅಗದು ನೋಡಾಣು." ಸಲಿಕೆ ಹಿಡಿದು ಬೇಲಿಯ ತನಕ ಬಂದೇಬಿಟ್ಟರು.

"ಸತ್ತಮ್ಯಾಲೂ ಆಕೀನ್ನ ಬಿಡೂದಿಲ್ಲೇನ್ರಿ ನೀವು?" ಎಂದು ಸಲಿಕೆ ಕಿತ್ತು ಎಸೆದೆ. ಅದರೊಂದಿಗೆ ನನ್ನ ಕೆಲಸವೂ ಹೋಯಿತು.

ಆ ಸಿಟ್ಟು ಇನ್ನೂ ಆರಿಲ್ಲ. ಆದರೂ ಅಗೆಯಲು ಯಾಕೆ ಬಿಡಲಿಲ್ಲ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಅವಳು ಒಳಗೆ ಇದ್ದಾಳು ಎಂಬ ಭಯವಿತ್ತೋ, ಇರಲಿಕ್ಕಿಲ್ಲ ಎಂಬ ಭಯವಿತ್ತೋ, ಇಷ್ಟು ವರ್ಷವಾದರೂ ಹೇಳಲಾರೆ.