ದೊಡ್ಡದೊಂದೋ, ಚಿಕ್ಕವೆರಡೋ

ಹೊಸ ಕಂಪ್ರೆಸರ್ ತರುವ ಸಂಭ್ರಮದಲ್ಲಿ ಅಣ್ಣ-ತಮ್ಮ ಇಬ್ಬರೂ ಸೇರಿ ನಡೆಸುವ ಟೈರ್ ಅಂಗಡಿಯಲ್ಲಿ ಅಣ್ಣನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಗಾಳಿ ಹಾಕಿಸಲು ಬಂದವರನ್ನೆಲ್ಲ ಹಿಡಿದು ನಿಲ್ಲಿಸಿ, "ದೊಡ್ಡದೊಂದೋ, ಚಿಕ್ಕವೆರಡೋ, ಹೇಳಿ ಸ್ವಾಮಿ!" ಎನ್ನುತ್ತಾನೆ; ಅವರು ಬಾಯಿ ತೆರೆಯುವ ಮೊದಲೇ, "ಎರಡೇ ಸರಿ! ಒಂದು ಕೆಟ್ಟರೆ ಇನ್ನೊಂದು ಓಡುತ್ತೆ, ಗಿರಾಕಿ ಕಾಯೋ ಹಾಗಿಲ್ಲ!" ಎಂದು ತಾನೇ ತೀರ್ಪು ಕೊಡುತ್ತಾನೆ. ಈ ವಾದದ ಭರದಲ್ಲಿ ಗಾಳಿ ಹೆಚ್ಚಾಗಿ ಎರಡು ಟ್ಯೂಬು ಢಂ ಎಂದದ್ದೂ ಉಂಟು. ಎರಡನ್ನೂ ಇಡುವ ಜಾಗಕ್ಕೆ ನೆಲದ ಮೇಲೆ ಸೀಮೆಸುಣ್ಣದ ಗೆರೆಯೂ ಬಿತ್ತು. ನಿನ್ನೆ ಪಕ್ಕದಲ್ಲೇ ಪಂಕ್ಚರ್ ಹಾಕುತ್ತಿದ್ದ ತಮ್ಮ, ತಲೆಯೆತ್ತದೆ, "ಎರಡೇ ತರೋಣ ಅಣ್ಣ. ನಾಳೆ ನಾನು ಬೇರೆ ಅಂಗಡಿ ಇಟ್ಟರೆ ನನಗೊಂದಾಗುತ್ತೆ" ಎಂದ. ಅಣ್ಣ ಕಾಲಿನಿಂದಲೇ ಗೆರೆ ಅಳಿಸಿ, ಫೋನ್ ಎತ್ತಿ ಕೂಗಿದ: "ದೊಡ್ಡದೊಂದೇ ಕಳಿಸಿ! ಅಲುಗಾಡಿಸಬೇಕಂದ್ರೂ ಇಬ್ಬರು ಬೇಕು, ಅಂಥದ್ದು!"